ಕಣ್ಣಿನ ಹಿಂಗೋಡೆ ಕಾಣಲು ಬೇಕಾದ ಅರ್ಧ ಗಂಟೆ

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನಂಥ ತಾಲ್ಲೂಕು ಪಟ್ಟಣಗಳಲ್ಲಿ ಕಣ್ಣಿನ ತಪಾಸಣೆ ಸಾಮಾನ್ಯವಾಗಿ ನಡೆಯುವುದು ಮೂರು ಕಡೆಗಳಲ್ಲಿ: ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಕೂರುವ ಕೊಠಡಿಯಲ್ಲಿ, ಮತ್ತು ಸೇವಾ ಸಂಸ್ಥೆಗಳು ಶಾಲೆಯಲ್ಲೋ ಸಮುದಾಯ ಭವನದಲ್ಲೋ ಮಠದ ಆವರಣದಲ್ಲೋ ಏರ್ಪಡಿಸುವ ಉಚಿತ ನೇತ್ರ ಶಿಬಿರದಲ್ಲಿ. ಅಲ್ಲಿಗೆ ಬಂದವರು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಾರೆ, ಅವರ ಕನ್ನಡಕದ ನಂಬರು ಗೊತ್ತಾಗುತ್ತದೆ, ಟಾರ್ಚಿನ ಬೆಳಕಿನಲ್ಲಿ ಪೊರೆ ಬಂದಿದೆಯೇ ಇಲ್ಲವೇ ಎಂಬುದೂ ತಿಳಿಯುತ್ತದೆ. ಆದರೆ ಕಣ್ಣುಗುಡ್ಡೆಯ ಒಳಗಡೆ, ಹಿಂಗೋಡೆಗೆ ಹೊಂದಿಕೊಂಡಿರುವ ಅಕ್ಷಿಪಟಲವನ್ನು, ಅಂದರೆ ಬೆಳಕನ್ನು ನರಸಂಕೇತವಾಗಿ ಮಾರ್ಪಡಿಸುವ ಕಾಲು ಮಿಲಿಮೀಟರಿನಷ್ಟು ತೆಳುವಾದ ರೆಟಿನಾ ಎಂಬ ಪದರವನ್ನು, ಯಾರೂ ನೋಡದೆಯೇ ತಪಾಸಣೆ ಮುಗಿದುಹೋಗುವುದು ಅಪರೂಪವಲ್ಲ. ನಂಬರು ಬದಲಾದ ಕಣ್ಣಿಗೆ ಕನ್ನಡಕವಿದೆ, ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆಯಿದೆ. ಅಕ್ಷಿಪಟಲ ಕೆಟ್ಟು ಕಳೆದುಹೋದ ದೃಷ್ಟಿ ಮಾತ್ರ ಬಹುಪಾಲು ಮರಳುವುದಿಲ್ಲ. ಸರಿಪಡಿಸಬಹುದಾದ್ದನ್ನು ಎಚ್ಚರದಿಂದ ಹುಡುಕಿ, ಸರಿಪಡಿಸಲಾಗದ್ದನ್ನು ನೋಡದೆ ಬಿಡುವ ಈ ವಿಪರ್ಯಾಸಕ್ಕೆ ಯಂತ್ರಗಳ ಕೊರತೆಯನ್ನೇ ದೂರುವುದು ರೂಢಿಯಾಗಿದ್ದರೂ, ಹತ್ತಿರದಿಂದ ನೋಡಿದರೆ ಅಡ್ಡಿಯಾಗಿರುವುದು ಒಂದೆರಡು ಹನಿ ಔಷಧ ಮತ್ತು ಆ ಹನಿ ಕೆಲಸ ಮಾಡುವವರೆಗೆ ಕಾಯಬೇಕಾದ ಅರ್ಧ ಗಂಟೆ.

ಕಣ್ಣಿನ ಮುಂಭಾಗದಲ್ಲಿ, ಪಾರದರ್ಶಕವಾದ ಕಾರ್ನಿಯಾದ ಹಿಂದೆ, ಕಂದು ಅಥವಾ ಕಪ್ಪು ಬಣ್ಣದ ಐರಿಸ್ ಎಂಬ ಪರದೆಯಿದೆ. ಅದರ ನಡುವಿನ ದುಂಡನೆಯ ಕಿಂಡಿಯೇ ಪಾಪೆ. ಈ ಪರದೆಯಲ್ಲಿ ಒಂದಕ್ಕೊಂದು ಎದುರಾಗಿ ದುಡಿಯುವ ಎರಡು ಸ್ನಾಯುಗಳಿವೆ. ಕಿಂಡಿಯ ಅಂಚನ್ನು ಉಂಗುರದಂತೆ ಸುತ್ತುವರಿದಿರುವ ಸ್ನಾಯು ಸಂಕುಚಿಸಿದಾಗ ಪಾಪೆ ಕಿರಿದಾಗುತ್ತದೆ, ಅಂಚಿನಿಂದ ಹೊರಕ್ಕೆ ಹರಡಿರುವ ಸ್ನಾಯು ಎಳೆದಾಗ ಅದು ಹಿಗ್ಗುತ್ತದೆ. ನಡು ಮಧ್ಯಾಹ್ನದ ಬಯಲಿನಲ್ಲಿ ಎರಡು ಮಿಲಿಮೀಟರಿಗೆ ಇಳಿಯುವ ಪಾಪೆ ಕತ್ತಲಲ್ಲಿ ಯುವಕರಲ್ಲಿ ಏಳೆಂಟು ಮಿಲಿಮೀಟರಿನವರೆಗೂ ತೆರೆದುಕೊಳ್ಳಬಲ್ಲದು. ವಯಸ್ಸಾದಂತೆ ಈ ತೆರೆದುಕೊಳ್ಳುವ ಶಕ್ತಿ ಕುಗ್ಗುತ್ತದೆ, ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಸ್ವಯಂಚಾಲಿತ ನರಗಳು ದುರ್ಬಲವಾಗುವುದರಿಂದ ಇನ್ನಷ್ಟು ಕುಗ್ಗುತ್ತದೆ. ಕಿಂಡಿಯ ವ್ಯಾಸ 2 ಮಿಲಿಮೀಟರಿನಿಂದ 8ಕ್ಕೆ ಏರಿದರೆ ಅದರ ವಿಸ್ತೀರ್ಣ ಹೆಚ್ಚುವುದು ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು. ಬೀಗದ ಕೈ ತೂರಿಸುವ ರಂಧ್ರಕ್ಕೆ ಕಣ್ಣಿಟ್ಟವರಿಗೆ ಕೋಣೆಯ ಎದುರುಗೋಡೆಯ ಒಂದು ತುಣುಕಷ್ಟೇ ಕಾಣುವಂತೆ, ಕಿರಿದಾದ ಪಾಪೆಯ ಮೂಲಕ ನೋಡುವವರಿಗೆ ಅಕ್ಷಿಪಟಲದ ನಡುಭಾಗದ ಸ್ವಲ್ಪ ಜಾಗವಷ್ಟೇ ದಕ್ಕುತ್ತದೆ; ಹರಿದು ಕಳಚಿಕೊಳ್ಳುವ ತೊಂದರೆ ಸಾಮಾನ್ಯವಾಗಿ ಮೊದಲಾಗುವ ಅಂಚು ಕಾಣುವುದೇ ಇಲ್ಲ.

ಇದರ ಜೊತೆಗೆ ಮತ್ತೊಂದು ತೊಡಕಿದೆ. ಜೀವಂತ ಮನುಷ್ಯನ ಪಾಪೆ ನೋಡುವವರಿಗೆ ಯಾವಾಗಲೂ ಕಪ್ಪಾಗಿಯೇ ತೋರುತ್ತದೆ, ಏಕೆಂದರೆ ಒಳಹೊಕ್ಕ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ಆ ದಾರಿಯಲ್ಲಿ ಕಣ್ಣಿಡಲು ಹೋದ ವ್ಯಕ್ತಿಯ ತಲೆಯೇ ಬೆಳಕಿಗೆ ಅಡ್ಡವಾಗುತ್ತದೆ. ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್, ಆಗ ಇಪ್ಪತ್ತೊಂಬತ್ತು ವರ್ಷದ ಪ್ರಾಧ್ಯಾಪಕ, ಓರೆಯಾಗಿಟ್ಟ ಗಾಜಿನ ತಟ್ಟೆಗಳಿಂದ ದೀಪದ ಬೆಳಕನ್ನು ಕಣ್ಣಿನೊಳಗೆ ಪ್ರತಿಫಲಿಸಿ, ಅದೇ ಗಾಜಿನ ಮೂಲಕ ಹಿಂತಿರುಗಿ ಬರುವ ಬೆಳಕನ್ನು ನೋಡುವ ಉಪಾಯದಿಂದ ಈ ತೊಡಕನ್ನು ಬಿಡಿಸಿ, 1850ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಭೌತವಿಜ್ಞಾನ ಸಂಘಕ್ಕೆ ತಿಳಿಸಿ, ಮರುವರ್ಷ ಪುಸ್ತಿಕೆಯಾಗಿ ಪ್ರಕಟಿಸಿದನು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1847ರಲ್ಲೇ ಇಂಥದೊಂದು ಸಾಧನವನ್ನು ಮಾಡಿದ್ದರೂ ಅದನ್ನು ನೋಡಿದ ವೈದ್ಯನಿಗೆ ಅದರ ಮಹತ್ವ ತಿಳಿಯದೆ ಅದು ಮೂಲೆ ಸೇರಿತ್ತು. ಆಫ್ತಾಲ್ಮೋಸ್ಕೋಪ್ ಎಂದು ಹೆಸರಾದ ಹೆಲ್ಮ್‌ಹೋಲ್ಟ್ಸನ ಈ ಉಪಕರಣದಿಂದ, ದೇಹವನ್ನು ಕೊಯ್ಯದೆ ಜೀವಂತ ರಕ್ತನಾಳಗಳನ್ನೂ ನರವನ್ನೂ ನೇರವಾಗಿ ಕಾಣುವುದು ಮೊದಲ ಬಾರಿಗೆ ಸಾಧ್ಯವಾಯಿತು. ದೇಹದಲ್ಲಿ ಅಂಥ ಜಾಗ ಇಂದಿಗೂ ಅಕ್ಷಿಪಟಲವೊಂದೇ.

ಪಾಪೆಯನ್ನು ಹಿಗ್ಗಿಸುವ ಔಷಧಗಳ ಮೂಲ ಚಿತ್ರದುರ್ಗದ ಬಯಲುಸೀಮೆಗೆ ಅಪರಿಚಿತವಲ್ಲ. ಹೊಲದ ಬದುಗಳಲ್ಲೂ ತಿಪ್ಪೆಯ ಪಕ್ಕದಲ್ಲೂ ತಾನಾಗಿ ಬೆಳೆಯುವ, ಮುಳ್ಳುಕಾಯಿ ಬಿಡುವ, ಹೂವು ಶಿವಪೂಜೆಗೆ ಸಲ್ಲುವ ದತ್ತೂರಿ ಅಥವಾ ಉಮ್ಮತ್ತಿ ಗಿಡದಲ್ಲಿರುವ ವಿಷಾಂಶಗಳೂ, ಯುರೋಪಿನ ಬೆಲ್ಲಡೋನಾ ಗಿಡದಿಂದ 1830ರ ದಶಕದ ಮೊದಲಲ್ಲಿ ಬೇರ್ಪಡಿಸಲಾದ ಆಟ್ರೊಪಿನ್ ಎಂಬ ಔಷಧವೂ ಒಂದೇ ಕುಲಕ್ಕೆ ಸೇರಿದವು. ಅವು ಪಾಪೆಯನ್ನು ಕಿರಿದಾಗಿಸುವ ಉಂಗುರ ಸ್ನಾಯುವಿಗೆ ನರದ ಆಜ್ಞೆ ತಲುಪದಂತೆ ತಡೆಯುತ್ತವೆ. ಕಳೆ ಕೀಳುವಾಗ ಉಮ್ಮತ್ತಿಯ ರಸ ತಗುಲಿದ ಕೈಯಿಂದ ಕಣ್ಣುಜ್ಜಿಕೊಂಡವರಲ್ಲಿ ಒಂದೇ ಕಣ್ಣಿನ ಪಾಪೆ ದೊಡ್ಡದಾಗಿ, ಹತ್ತಿರದ ವಸ್ತು ಮಸುಕಾಗಿ, ನೋಡಿದವರು ಮೆದುಳಿಗೇ ಏನೋ ಆಗಿದೆಯೆಂದು ಗಾಬರಿಪಡುವ ಸಂದರ್ಭಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಕಣ್ಣಿನ ಕೆಲಸಕ್ಕೆ ಆ ಗಿಡದ ರಸವನ್ನು ಯಾರೂ ಬಳಸಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಎಷ್ಟು ವಿಷ ಎಷ್ಟು ಹನಿಯಲ್ಲಿದೆ ಎಂಬುದು ಗಿಡದಿಂದ ಗಿಡಕ್ಕೆ ಬದಲಾಗುತ್ತದೆ.

ಆಟ್ರೊಪಿನ್ ಹಾಕಿದರೆ ಪಾಪೆ ಒಂದು ವಾರದಿಂದ ಹದಿನೈದು ದಿನಗಳವರೆಗೆ ಹಿಗ್ಗಿಯೇ ಇರಬಹುದಾದ್ದರಿಂದ, ಕೇವಲ ಒಳಗಡೆ ನೋಡುವುದಕ್ಕೆ ಅದು ಹೊಂದುವುದಿಲ್ಲ. ಹೋಮಟ್ರೋಪಿನ್ನಿನ ಪರಿಣಾಮ ಒಂದರಿಂದ ಮೂರು ದಿನ, ಸೈಕ್ಲೋಪೆಂಟೋಲೇಟಿನದು ಸುಮಾರು ಒಂದು ದಿನ. ಇಂದಿನ ತಪಾಸಣೆಯಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು ಟ್ರೋಪಿಕಮೈಡ್. ಅದು ಇಪ್ಪತ್ತರಿಂದ ಮೂವತ್ತು ನಿಮಿಷಗಳಲ್ಲಿ ಪಾಪೆಯನ್ನು ತೆರೆದು, ನಾಲ್ಕರಿಂದ ಆರು ಗಂಟೆಗಳಲ್ಲಿ ಹಿಂದಿನ ಸ್ಥಿತಿಗೆ ಬಿಡುತ್ತದೆ. ಟ್ರೋಪಿಕಮೈಡ್ ಉಂಗುರ ಸ್ನಾಯುವನ್ನು ಸಡಿಲಗೊಳಿಸಿದರೆ, ಫಿನೈಲೆಫ್ರಿನ್ ಎಂಬ ಮತ್ತೊಂದು ಔಷಧ ಹಿಗ್ಗಿಸುವ ಸ್ನಾಯುವನ್ನು ಚುರುಕುಗೊಳಿಸುತ್ತದೆ. ಭಾರತದಲ್ಲಿ ಇವೆರಡೂ ಕೂಡಿದ ಹನಿಯೇ ಹೆಚ್ಚು ಬಳಕೆಯಲ್ಲಿದೆ. ಕಂದು ಕಣ್ಣಿನ ವರ್ಣದ್ರವ್ಯ ಔಷಧವನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ನೀಲಿ ಕಣ್ಣಿನವರಿಗೆ ಒಂದು ಹನಿ ಸಾಕಾದಲ್ಲಿ ಇಲ್ಲಿಯವರಿಗೆ ಎರಡು ಮೂರು ಬಾರಿ ಹಾಕಬೇಕಾಗುವುದುಂಟು, ಕಾಯುವ ಹೊತ್ತೂ ಅಷ್ಟೇ ಹೆಚ್ಚುತ್ತದೆ. ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದವರು ‘ಮರೆತೇಬಿಟ್ಟರೇನೋ’ ಎಂದು ಮತ್ತೆ ಮತ್ತೆ ಬಾಗಿಲ ಕಡೆ ನೋಡುವುದಕ್ಕೆ ಈ ರಸಾಯನಶಾಸ್ತ್ರವೂ ಒಂದು ಕಾರಣ.

ಆದರೆ ಹನಿ ಹಾಕುವುದಕ್ಕೆ ಮೊದಲು ಮಾಡಿ ಮುಗಿಸಬೇಕಾದ ಕೆಲಸಗಳಿಗೆ ಒಂದು ಕಟ್ಟುನಿಟ್ಟಿನ ಕ್ರಮವಿದೆ, ಮತ್ತು ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿಯನ್ನು ಅಳೆದು ಕಣ್ಣನ್ನು ಪರಿಶೀಲಿಸಲು ತರಬೇತಾದ ವೃತ್ತಿಪರ, ನುರಿತವನೇ ಅಲ್ಲವೇ ಎಂಬುದು ಹನಿ ಹಾಕಿದ ಮೇಲೆ ಅಲ್ಲ, ಅದಕ್ಕೆ ಮೊದಲೇ ತಿಳಿದುಬಿಡುತ್ತದೆ. ಮೊದಲು ಪ್ರತಿ ಕಣ್ಣಿನ ದೃಷ್ಟಿಯನ್ನು ಬೇರೆ ಬೇರೆಯಾಗಿ ಅಳೆದು ಬರೆದಿಡಬೇಕು, ಏಕೆಂದರೆ ಹನಿಯ ನಂತರ ಹತ್ತಿರದ ಓದು ಮಸುಕಾಗಿ ಅಳತೆ ಕೆಡುತ್ತದೆ. ಅನಂತರ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ತೂಗಾಡಿಸುತ್ತ ಎರಡೂ ಪಾಪೆಗಳು ಸಮನಾಗಿ ಕುಗ್ಗುತ್ತವೆಯೇ ಎಂದು ನೋಡಬೇಕು. ಬೆಳಕು ಬಿದ್ದಾಗ ಒಂದು ಕಣ್ಣಿನ ಪಾಪೆ ಕುಗ್ಗುವ ಬದಲು ಹಿಗ್ಗಿದರೆ ಆ ಕಣ್ಣಿನ ದೃಷ್ಟಿನರದಲ್ಲೋ ಅಕ್ಷಿಪಟಲದ ದೊಡ್ಡ ಭಾಗದಲ್ಲೋ ಕೆಡುಕಿದೆಯೆಂದು ಅರ್ಥ. ಇದಕ್ಕೆ ಬೇಕಾದದ್ದು ಒಂದು ಟಾರ್ಚು ಮತ್ತು ಒಂದು ನಿಮಿಷ. ಹನಿ ಬಿದ್ದ ಮೇಲೆ ಪಾಪೆಗಳೆರಡೂ ಅಲುಗದೆ ನಿಲ್ಲುವುದರಿಂದ ಈ ಸಾಕ್ಷ್ಯ ಅಂದಿಗೆ ಅಳಿಸಿಹೋಗುತ್ತದೆ, ಮತ್ತು ಅವಸರದ ತಪಾಸಣೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಈ ಹೆಜ್ಜೆಯೇ.

ಇನ್ನೊಂದು ಹೆಜ್ಜೆ ಅಪಾಯಕ್ಕೆ ಸಂಬಂಧಿಸಿದ್ದು. ಕಾರ್ನಿಯಾ ಮತ್ತು ಐರಿಸ್ ಸೇರುವ ಕೋನದಲ್ಲಿ ಕಣ್ಣಿನೊಳಗಿನ ದ್ರವ ಹೊರಹೋಗುವ ಸೂಕ್ಷ್ಮ ಜರಡಿಯಿದೆ. ಕೆಲವರಲ್ಲಿ, ಅದರಲ್ಲೂ ಏಷ್ಯಾದ ಜನರಲ್ಲಿ, ವಯಸ್ಸಾದ ಹೆಂಗಸರಲ್ಲಿ ಮತ್ತು ಪ್ಲಸ್ ನಂಬರಿನ ಚಿಕ್ಕ ಕಣ್ಣುಗಳಲ್ಲಿ, ಈ ಕೋನ ಕಿರಿದಾಗಿರುವುದು ಹೆಚ್ಚು. ಪಾಪೆ ಹಿಗ್ಗಿದಾಗ ಐರಿಸ್ ಅಂಚಿಗೆ ಒತ್ತರಿಸಿ ಆ ಜರಡಿಯನ್ನು ಮುಚ್ಚಿಬಿಟ್ಟರೆ ಕಣ್ಣಿನ ಒತ್ತಡ ಕೆಲವೇ ಗಂಟೆಗಳಲ್ಲಿ ಏರಿ, ಕಣ್ಣು ಕೆಂಪಾಗಿ, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣಿಸಿಕೊಳ್ಳುತ್ತವೆ. ತಕ್ಷಣ ಚಿಕಿತ್ಸೆಯಾಗದಿದ್ದರೆ ದೃಷ್ಟಿನರ ಸಾಯುತ್ತದೆ. ಇದು ತೀರ ವಿರಳವಾಗಿ ಆಗುವಂಥದು, ಆದರೆ ಆಗುವ ಹೊತ್ತಿಗೆ ರೋಗಿ ಆಸ್ಪತ್ರೆ ಬಿಟ್ಟು ವಾಣಿವಿಲಾಸ ಸಾಗರದ ಹಿನ್ನೀರಿನ ಅಂಚಿನ ಯಾವುದೋ ಹಳ್ಳಿಯ ಮನೆ ಸೇರಿರುತ್ತಾನೆ, ವಾಂತಿಯನ್ನು ಪಿತ್ತವೆಂದು ತಿಳಿದು ರಾತ್ರಿ ಕಳೆಯುತ್ತಾನೆ. ಈ ಕಾರಣಕ್ಕೇ ಹನಿಗೆ ಮೊದಲು ಸ್ಲಿಟ್ ಲ್ಯಾಂಪ್, ಅಂದರೆ ತೆಳುವಾದ ಸೀಳುಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕಾರ್ನಿಯಾದ ಅಂಚಿನ ದಪ್ಪಕ್ಕೆ ಹೋಲಿಸಿ ಅದರ ಹಿಂದಿನ ಕಪ್ಪು ತೆರಪು ಎಷ್ಟಿದೆಯೆಂದು ಅಂದಾಜಿಸುತ್ತಾರೆ. 1969ರಲ್ಲಿ ಫಾನ್ ಹೆರಿಕ್ ಮತ್ತು ಸಂಗಡಿಗರು ವಿವರಿಸಿದ ಈ ವಿಧಾನದಲ್ಲಿ ತೆರಪು ಕಾರ್ನಿಯಾದ ದಪ್ಪದ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಎಚ್ಚರ ವಹಿಸಬೇಕು. ಸ್ಲಿಟ್ ಲ್ಯಾಂಪ್ ಇಲ್ಲದ ಶಿಬಿರದಲ್ಲಿ ಕಪಾಲದ ಬದಿಯಿಂದ ಟಾರ್ಚು ಹಿಡಿದು, ಮೂಗಿನ ಕಡೆಯ ಐರಿಸ್ ನೆರಳಿನಲ್ಲಿ ಮುಳುಗುತ್ತದೆಯೇ ಎಂದು ನೋಡಿದರೂ ಸ್ಥೂಲವಾದ ಸೂಚನೆ ಸಿಗುತ್ತದೆ. ಕಣ್ಣಿನ ಒತ್ತಡ ಅಳೆಯುವುದು, ಹೃದಯದ ಕಾಯಿಲೆ ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇದೆಯೇ ಎಂದು ಕೇಳುವುದು ಕೂಡ ಇದೇ ಹಂತದಲ್ಲಿ ಆಗಬೇಕು, ಏಕೆಂದರೆ ಫಿನೈಲೆಫ್ರಿನ್ ಕಣ್ಣೀರಿನ ನಾಳದ ಮೂಲಕ ಮೂಗಿಗೆ ಇಳಿದು ರಕ್ತಕ್ಕೆ ಸೇರಬಲ್ಲದು. ಹನಿ ಹಾಕಿದ ಕೂಡಲೇ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಲು ಹೇಳುವುದರ ಉದ್ದೇಶ ಇದೇ.

ಪಾಪೆ ತೆರೆದ ಮೇಲೆ ನೋಡುವ ಬಗೆಗಳಲ್ಲಿಯೂ ತಾರತಮ್ಯವಿದೆ. ಕೈಯಲ್ಲಿ ಹಿಡಿಯುವ ನೇರ ಆಫ್ತಾಲ್ಮೋಸ್ಕೋಪ್ ಸುಮಾರು ಹದಿನೈದು ಪಟ್ಟು ಹಿಗ್ಗಿಸಿ ತೋರಿಸಿದರೂ ಒಮ್ಮೆಗೆ ಕಾಣುವ ಜಾಗ ತೀರ ಚಿಕ್ಕದು. ತಲೆಗೆ ಕಟ್ಟಿಕೊಳ್ಳುವ ದೀಪ ಮತ್ತು ಕೈಯಲ್ಲಿ ಹಿಡಿದ 20 ಡಯಾಪ್ಟರಿನ ಮಸೂರದಿಂದ ನೋಡುವ ಪರೋಕ್ಷ ವಿಧಾನದಲ್ಲಿ ಹಿಗ್ಗುವಿಕೆ ಮೂರು ಪಟ್ಟಷ್ಟೇ ಇದ್ದರೂ ದೃಶ್ಯದ ಹರವು ಬಹಳ ದೊಡ್ಡದು. ಆದರೆ ಚಿತ್ರ ತಲೆಕೆಳಗಾಗಿಯೂ ಎಡಬಲ ಅದಲುಬದಲಾಗಿಯೂ ಕಾಣುವುದರಿಂದ ಕಲಿಯಲು ತಿಂಗಳುಗಟ್ಟಲೆ ಕೈ ಪಳಗಬೇಕು. ಎರಡು ಕಣ್ಣಿನಿಂದಲೂ ಆಳ ತಿಳಿಯುವಂತೆ ನೋಡುವ ಇದರ ಇಂದಿನ ರೂಪವನ್ನು 1940ರ ದಶಕದಲ್ಲಿ ರೂಪಿಸಿದವನು ಬೆಲ್ಜಿಯಂ ಮೂಲದ ಚಾರ್ಲ್ಸ್ ಸ್ಕೆಪೆನ್ಸ್. ಸ್ಲಿಟ್ ಲ್ಯಾಂಪಿನ ಮುಂದೆ 90 ಡಯಾಪ್ಟರಿನ ಪುಟ್ಟ ಮಸೂರ ಹಿಡಿದು ನೋಡುವುದು ಇಂದಿನ ಆಪ್ಟೋಮೆಟ್ರಿ ಕೊಠಡಿಗಳಲ್ಲಿ ಹೆಚ್ಚು ರೂಢಿಯಲ್ಲಿದೆ. ಕಿತ್ತಳೆಗೆಂಪು ಹಿನ್ನೆಲೆಯಲ್ಲಿ ಒಂದೂವರೆ ಮಿಲಿಮೀಟರ್ ವ್ಯಾಸದ ತಿಳಿಹಳದಿ ಬಿಲ್ಲೆಯಾಗಿ ದೃಷ್ಟಿನರದ ತುದಿ, ಅದರಿಂದ ಕವಲೊಡೆದ ಅಪಧಮನಿ ಮತ್ತು ಅಭಿಧಮನಿಗಳು, ಕಪಾಲದ ಬದಿಗೆ ಸ್ವಲ್ಪ ಗಾಢವಾಗಿ ಕಾಣುವ ಮ್ಯಾಕುಲಾ ಎಂಬ ತೀಕ್ಷ್ಣದೃಷ್ಟಿಯ ತಾಣ, ಇವನ್ನು ಒಂದು ಕ್ರಮದಲ್ಲಿ ನೋಡುತ್ತ ಅಂಚಿನವರೆಗೆ ಸಾಗುವುದು ಪರೀಕ್ಷೆಯ ಪದ್ಧತಿ.

ಹೀಗೆ ನೋಡಿದಾಗ ಸಿಗುವ ಮಾಹಿತಿಯಲ್ಲಿ ಇಂದು ಹೆಚ್ಚು ತುರ್ತಿನದು ಸಕ್ಕರೆ ಕಾಯಿಲೆಗೆ ಸಂಬಂಧಿಸಿದ್ದು. ವರ್ಷಗಟ್ಟಲೆ ಹೆಚ್ಚಿದ ಸಕ್ಕರೆ ಅಂಶದಿಂದ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲವಾಗಿ ಮೊದಲು ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಆಮೇಲೆ ರಕ್ತದ ಕಲೆಗಳು, ಸೋರಿದ ಕೊಬ್ಬಿನ ಹಳದಿ ಗಟ್ಟಿಗಳು ಕಾಣಿಸಿಕೊಳ್ಳುತ್ತವೆ. ಮುಂದಿನ ಹಂತದಲ್ಲಿ ಆಮ್ಲಜನಕ ಸಾಲದ ಅಕ್ಷಿಪಟಲ ಹೊಸ ರಕ್ತನಾಳಗಳನ್ನು ಬೆಳೆಸುತ್ತದೆ, ಅವು ದುರ್ಬಲವಾಗಿದ್ದು ಒಡೆದು ಕಣ್ಣಿನೊಳಗೆ ರಕ್ತ ತುಂಬುತ್ತವೆ. ಈ ರೋಗದ ವಂಚನೆಯೆಂದರೆ, ಹೊಸ ನಾಳಗಳು ಹುಟ್ಟಿದ ಮೇಲೂ ಮ್ಯಾಕುಲಾ ಊದಿಕೊಳ್ಳದಿದ್ದರೆ ರೋಗಿ ಗೋಡೆಯ ಕೊನೆಯ ಸಾಲಿನವರೆಗೂ ಓದಬಲ್ಲ. ಅಕ್ಷರಫಲಕವನ್ನೇ ನಂಬಿದ ತಪಾಸಣೆ ಅವನನ್ನು ‘ನಾರ್ಮಲ್’ ಎಂದು ಕಳುಹಿಸುತ್ತದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ವರ್ಷ ದಾಟಿದವರಲ್ಲಿ ಶೇ 11.8ರಷ್ಟು ಮಂದಿಗೆ ಸಕ್ಕರೆ ಕಾಯಿಲೆಯಿದ್ದು, ಅವರಲ್ಲಿ ಶೇ 16.9ರಷ್ಟು ಮಂದಿಯ ಅಕ್ಷಿಪಟಲಕ್ಕೆ ಅದು ತಗುಲಿರುವುದು ಕಂಡುಬಂದಿತ್ತು. ವಯಸ್ಕರಲ್ಲಿ ಸಾಮಾನ್ಯವಾಗಿ ಬರುವ ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಗೊತ್ತಾದ ದಿನವೇ, ಆಮೇಲೆ ವರ್ಷಕ್ಕೊಮ್ಮೆ, ಪಾಪೆ ಹಿಗ್ಗಿಸಿ ನೋಡಬೇಕೆಂಬ ನಿಯಮ ಹೊರಟಿರುವುದು ಇದರಿಂದಲೇ, ಏಕೆಂದರೆ ಅಂಥವರಲ್ಲಿ ಕಾಯಿಲೆ ಗೊತ್ತಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಆರಂಭವಾಗಿರಬಹುದು. ತೆಂಗು, ಅಡಿಕೆ, ದಾಳಿಂಬೆ ಬೆಳೆಯುವ ಹೊಸದುರ್ಗದ ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಾತ್ರೆಯ ಸಾಲಿನಲ್ಲಿ ನಿಲ್ಲುವ ಪ್ರತಿಯೊಬ್ಬ ಶುಗರ್ ರೋಗಿಗೂ ‘ಕಣ್ಣಿಗೆ ಹನಿ ಹಾಕಿಸಿ ನೋಡಿಸಿದ್ದೀರಾ’ ಎಂಬ ಪ್ರಶ್ನೆ ವರ್ಷಕ್ಕೊಮ್ಮೆ ಎದುರಾದರೆ, ಅದರಿಂದ ಉಳಿಯುವ ದೃಷ್ಟಿ ಯಾವ ದುಬಾರಿ ಯಂತ್ರ ಉಳಿಸುವುದಕ್ಕಿಂತ ಕಡಿಮೆಯಿರಲಾರದು.

ಈ ಸೀಮೆಗೆ ವಿಶೇಷವಾಗಿ ಒಪ್ಪುವ ಇನ್ನೊಂದು ಉದಾಹರಣೆ ಇರುಳುಗಣ್ಣಿನದು. ಸಂಜೆಯಾದ ಮೇಲೆ ಕಾಣದಿರುವುದಕ್ಕೆ ಎ ಜೀವಸತ್ವದ ಕೊರತೆ ಕಾರಣವಾದರೆ ಅದು ಗುಣವಾಗುವಂಥದು. ಆದರೆ ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ಆನುವಂಶಿಕ ರೋಗದಲ್ಲಿಯೂ ಮೊದಲ ಲಕ್ಷಣ ಇದೇ ಆಗಿದ್ದು, ಅದರಲ್ಲಿ ಅಕ್ಷಿಪಟಲದ ಕೋಶಗಳು ಅಂಚಿನಿಂದ ನಡುವಿಗೆ ಕ್ರಮೇಣ ಸಾಯುತ್ತ ಬಂದು, ನೋಟ ಕೊಳವೆಯೊಳಗಿಂದ ನೋಡಿದಷ್ಟಕ್ಕೆ ಕುಗ್ಗುತ್ತದೆ. ಎರಡನ್ನೂ ಬೇರ್ಪಡಿಸುವುದು ಹಿಗ್ಗಿಸಿದ ಪಾಪೆಯ ಮೂಲಕ ಕಾಣುವ ಮೂರು ಗುರುತುಗಳು: ಎಲುಬಿನ ಚೂರಿನಾಕಾರದ ಕಪ್ಪು ಕಲೆಗಳು, ಸಣ್ಣಗಾದ ರಕ್ತನಾಳಗಳು, ಮೇಣದಂತೆ ಬಿಳಿಚಿಕೊಂಡ ನರದ ಬಿಲ್ಲೆ. ಕಲೆಗಳು ಮೊದಲು ಮೂಡುವುದು ನಡುವಿನಿಂದ ದೂರದಲ್ಲಾದ್ದರಿಂದ ಹನಿಯಿಲ್ಲದೆ ಅವು ಸುಲಭವಾಗಿ ಕಣ್ತಪ್ಪುತ್ತವೆ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿ ದಕ್ಷಿಣದ ಒಳನಾಡಿನಲ್ಲಿ ಹಳೆಯದು. ತಂದೆ ತಾಯಿ ಇಬ್ಬರಲ್ಲೂ ಅಡಗಿರುವ ಒಂದೇ ದೋಷಪೂರಿತ ವಂಶವಾಹಿ ಮಗುವಿನಲ್ಲಿ ಜೋಡಿಯಾಗಿ ಪ್ರಕಟಗೊಳ್ಳುವ ಸಂಭವ ಅಂಥ ಮದುವೆಗಳಲ್ಲಿ ಹೆಚ್ಚುತ್ತದೆ, ಮತ್ತು ಈ ರೋಗದ ಹಲವು ಪ್ರಭೇದಗಳು ಹೀಗೆಯೇ ಬರುವಂಥವು. ಒಬ್ಬನ ಕಣ್ಣಿನಲ್ಲಿ ಕಪ್ಪು ಕಲೆ ಕಂಡ ಆಪ್ಟೋಮೆಟ್ರಿಸ್ಟ್ ಅವನ ತಮ್ಮ ತಂಗಿಯರನ್ನೂ ಕರೆತರಲು ಹೇಳುವುದು ಕೆಲಸದ ಭಾಗವೇ ಆಗಬೇಕು. ಗುಣಪಡಿಸುವ ಚಿಕಿತ್ಸೆ ಬಹುತೇಕರಿಗೆ ಇಲ್ಲದಿದ್ದರೂ, ಮಗ ಲಾರಿ ಚಾಲಕನಾಗಬೇಕೋ ಬೇಡವೋ ಎಂಬುದನ್ನು ಮನೆಯವರು ಹದಿನೆಂಟನೆಯ ವಯಸ್ಸಿಗೇ ತಿಳಿಯುವುದು ಸಣ್ಣ ಪ್ರಯೋಜನವಲ್ಲ.

ಶಾಲಾಮಕ್ಕಳಿಗೆ ಹನಿ ಹಾಕುವುದರ ಉದ್ದೇಶ ಸ್ವಲ್ಪ ಬೇರೆ. ಮಕ್ಕಳ ಕಣ್ಣಿನೊಳಗಿನ ಮಸೂರವನ್ನು ಉಬ್ಬಿಸುವ ಸಿಲಿಯರಿ ಸ್ನಾಯು ಬಹಳ ಬಲಿಷ್ಠವಾಗಿರುವುದರಿಂದ ಅವರು ತಿಳಿಯದೆಯೇ ತಮ್ಮ ಪ್ಲಸ್ ನಂಬರನ್ನು ಮುಚ್ಚಿಟ್ಟುಕೊಳ್ಳುತ್ತಾರೆ, ಇಲ್ಲದ ಮೈನಸ್ ನಂಬರನ್ನು ತೋರಿಸುತ್ತಾರೆ. ಸೈಕ್ಲೋಪೆಂಟೋಲೇಟ್ ಅಥವಾ ಆಟ್ರೊಪಿನ್ನಿಂದ ಆ ಸ್ನಾಯುವನ್ನು ವಿಶ್ರಾಂತಿಗೆ ತಂದ ಮೇಲೆ ರೆಟಿನೋಸ್ಕೋಪಿನ ಬೆಳಕಿನ ಗೆರೆ ಚಲಿಸುವ ರೀತಿಯಿಂದ ನಿಜವಾದ ನಂಬರನ್ನು ಅಳೆಯಲಾಗುತ್ತದೆ. ಆಟ್ರೊಪಿನ್ ಹಾಕಿದ ಮಗುವಿನ ಮುಖ ಕೆಂಪೇರಿ ಮೈ ಬಿಸಿಯಾದರೆ ಔಷಧ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಇನ್ನೂ ಚಿಕ್ಕವರ ವಿಷಯದಲ್ಲಿ ಕರ್ನಾಟಕ ಮಾಡಿರುವ ಕೆಲಸ ಬೇರೆಡೆಗೆ ಮಾದರಿಯಾಗಿದೆ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲಿನ ಆಮ್ಲಜನಕದ ಏರುಪೇರಿನಿಂದ ಅವು ಅಡ್ಡಾದಿಡ್ಡಿಯಾಗಿ ಬೆಳೆದು ಅಕ್ಷಿಪಟಲವನ್ನೇ ಕಿತ್ತು ಎಳೆಯುವ ರೋಗಕ್ಕೆ ಆರ್‌ಒಪಿ ಎನ್ನುತ್ತಾರೆ. ಭಾರತದ ಮಾರ್ಗಸೂಚಿಯ ಪ್ರಕಾರ 34 ವಾರಗಳಿಗೆ ಮೊದಲು ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣನ್ನು 30 ದಿನಗಳೊಳಗೆ ಹನಿ ಹಾಕಿ ನೋಡಬೇಕು, ಇನ್ನೂ ಚಿಕ್ಕ ಶಿಶುಗಳನ್ನು ಎರಡು ಮೂರು ವಾರಗಳಲ್ಲೇ ನೋಡಬೇಕು. ಅಷ್ಟು ಬೇಗ ತಾಯಿ ಮಗುವನ್ನು ಬೆಂಗಳೂರಿಗೆ ಕರೆತರುವುದು ಕಷ್ಟವೆಂದು ಅರಿತ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ತಂಡ 2008ರಲ್ಲಿ ಕಿಡ್ರಾಪ್ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ವೈದ್ಯರಲ್ಲದ, ವಿಶೇಷವಾಗಿ ತರಬೇತಾದ ತಂತ್ರಜ್ಞರು ರೆಟ್‌ಕ್ಯಾಮ್ ಎಂಬ ಕ್ಯಾಮೆರಾವನ್ನು ವಾಹನದಲ್ಲಿ ಹೊತ್ತು ಜಿಲ್ಲಾ ಮಟ್ಟದ ನವಜಾತ ಶಿಶು ಘಟಕಗಳಿಗೆ ಹೋಗಿ, ಹನಿ ಹಾಕಿ, ಚಿತ್ರ ತೆಗೆದು, ಹಸಿರು, ಕಿತ್ತಳೆ, ಕೆಂಪು ಎಂದು ತಾವೇ ವಿಂಗಡಿಸಿ, ದೂರದ ತಜ್ಞರಿಗೆ ಕಳುಹಿಸುವ ಈ ವ್ಯವಸ್ಥೆ ಮುಂದೆ ರಾಜ್ಯ ಸರ್ಕಾರದ ಸಹಭಾಗಿತ್ವವನ್ನೂ ಪಡೆಯಿತು. ಪಾಪೆ ಹಿಗ್ಗಿಸುವವರು, ಚಿತ್ರ ತೆಗೆಯುವವರು, ಓದುವವರು ಒಬ್ಬರೇ ಆಗಿರಬೇಕಿಲ್ಲ ಎಂಬುದನ್ನು ಅತ್ಯಂತ ಕಠಿಣವಾದ ಕಣ್ಣುಗಳಲ್ಲೇ ಅದು ತೋರಿಸಿಕೊಟ್ಟಿತು.

ಹಾಗಿದ್ದರೆ ದೊಡ್ಡವರಿಗೆ ಹನಿಯನ್ನೇ ಬಿಟ್ಟು ಕ್ಯಾಮೆರಾದಿಂದ ಚಿತ್ರ ತೆಗೆದರಾಗದೇ ಎಂಬ ಪ್ರಶ್ನೆ ಸಹಜ. 2010ರಲ್ಲಿ ಆರಂಭವಾದ ಬೆಂಗಳೂರಿನ ಫೋರಸ್ ಹೆಲ್ತ್ ಸಂಸ್ಥೆ ತಯಾರಿಸಿದ ‘3ನೇತ್ರ’ ಉಪಕರಣ, ಅದೇ ನಗರದ ರೆಮಿಡಿಯೋ ಸಂಸ್ಥೆಯ, ಮೊಬೈಲ್ ಫೋನನ್ನೇ ಕ್ಯಾಮೆರಾವಾಗಿಸುವ ಸಾಧನ, ಇವೆರಡೂ ಈ ಆಸೆಯಿಂದಲೇ ಹುಟ್ಟಿದವು; ಅವು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಗುರಿ ಹಿಡಿದು, ಪಾಪೆ ಕುಗ್ಗುವ ಮೊದಲೇ ಮಿಂಚಿನಂತೆ ಚಿತ್ರ ತೆಗೆಯುತ್ತವೆ. ಚಿತ್ರ ಓದುವ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯೂ ಬಂದಿದೆ. 2016ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಹೆಸರಾಂತ ಅಧ್ಯಯನದಲ್ಲಿ ಬಳಸಿದ ಚಿತ್ರಗಳಲ್ಲಿ ಮದುರೆಯ ಅರವಿಂದ್, ಚೆನ್ನೈಯ ಶಂಕರ ನೇತ್ರಾಲಯಗಳ ಜೊತೆಗೆ ಬೆಂಗಳೂರಿನ ನಾರಾಯಣ ನೇತ್ರಾಲಯದವೂ ಇದ್ದವು. ಇವು ನಿಜಕ್ಕೂ ಉಪಯುಕ್ತ. ಆದರೆ ಕ್ಯಾಮೆರಾ ಸೋಲುವುದು ಅದರ ಅಗತ್ಯ ಯಾರಿಗೆ ಹೆಚ್ಚೋ ಅವರಲ್ಲೇ: ಅರವತ್ತು ದಾಟಿದ, ಹತ್ತಾರು ವರ್ಷ ಶುಗರ್ ಇರುವ, ಅರೆಬರೆ ಪೊರೆ ಬಂದ ವ್ಯಕ್ತಿಯ ಪಾಪೆ ಕತ್ತಲಲ್ಲೂ ಸರಿಯಾಗಿ ಅರಳದೆ ಚಿತ್ರ ಮಬ್ಬಾಗುತ್ತದೆ, ಮೊದಲ ಕಣ್ಣಿನ ಮಿಂಚಿಗೆ ಎರಡನೆಯ ಕಣ್ಣಿನ ಪಾಪೆಯೂ ಕುಗ್ಗಿಬಿಡುತ್ತದೆ. ಚಿತ್ರದಲ್ಲಿ ಏನೂ ಕಾಣದಿರುವುದೂ ರೋಗವಿಲ್ಲದಿರುವುದೂ ಒಂದೇ ಅಲ್ಲ. ಇಂಗ್ಲೆಂಡಿನಲ್ಲಿ 2003ರಿಂದ ಕಟ್ಟಿದ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಎಲ್ಲರಿಗೂ ಟ್ರೋಪಿಕಮೈಡ್ ಹಾಕುವ ದಾರಿ ಹಿಡಿಯಿತು. ಪಕ್ಕದ ಸ್ಕಾಟ್ಲೆಂಡ್ ಮೊದಲು ಹನಿಯಿಲ್ಲದೆ ತೆಗೆದು, ಚಿತ್ರ ಕೆಟ್ಟವರಿಗಷ್ಟೇ ಹನಿ ಹಾಕುವ ದಾರಿ ಹಿಡಿಯಿತು. ದಿನಕ್ಕೆ ನೂರಾರು ಮಂದಿ ಬರುವ ನಮ್ಮ ಶಿಬಿರಗಳಿಗೆ ಸ್ಕಾಟ್ಲೆಂಡಿನ ಕ್ರಮವೇ ಹೆಚ್ಚು ಹೊಂದುವಂತೆ ತೋರುತ್ತದೆ, ಆದರೆ ಅದರ ಎರಡನೆಯ ಅರ್ಧವನ್ನು ಬಿಡದಿದ್ದರೆ ಮಾತ್ರ.

ಶಿಬಿರಗಳ ಪರಂಪರೆಯೇ ಹನಿಯನ್ನು ಬಿಟ್ಟುಬಿಡುವುದಕ್ಕೆ ಒಂದು ಕಾರಣವಿರಬಹುದು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1896ರಲ್ಲಿ ಸಣ್ಣ ಚಿಕಿತ್ಸಾಲಯವಾಗಿ ಮೊದಲಾದಾಗಿನಿಂದ, ಊರೂರು ತಿರುಗಿ ಒಂದೇ ದಿನದಲ್ಲಿ ನೂರಾರು ಜನರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಎಂ.ಸಿ. ಮೋದಿ ಅವರ ಸಾಮೂಹಿಕ ಶಿಬಿರಗಳ ಕಾಲದವರೆಗೆ, 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಉದ್ದಕ್ಕೂ, ನಾಡಿನ ದೊಡ್ಡ ಶತ್ರು ಪೊರೆಯೇ ಆಗಿತ್ತು. ಆ ಹೋರಾಟದ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪೊರೆಯನ್ನು ಹುಡುಕಲು ಟಾರ್ಚು ಸಾಕು ಎಂಬ ಅಭ್ಯಾಸ ಶಿಬಿರಗಳಲ್ಲಿ ಉಳಿದುಹೋಯಿತು, ಪೊರೆ ತೆಗೆದ ಮೇಲೂ ಕಣ್ಣು ಕಾಣದವರು ‘ಆಪರೇಷನ್ ಕೆಟ್ಟಿತು’ ಎಂದುಕೊಂಡರು. ಅವರಲ್ಲಿ ಕೆಲವರ ಅಕ್ಷಿಪಟಲ ಮೊದಲೇ ಹಾಳಾಗಿತ್ತೆಂಬುದು ಪೊರೆ ಅಷ್ಟು ದಟ್ಟವಾಗುವ ಮೊದಲೇ ಹನಿ ಹಾಕಿ ನೋಡಿದ್ದರೆ ತಿಳಿಯುತ್ತಿತ್ತು.

ಹನಿ ಹಾಕುವವರು ಯಾರು ಎಂಬ ಪ್ರಶ್ನೆಗೂ ಇತಿಹಾಸವಿದೆ. ಅಮೆರಿಕದಲ್ಲಿ ಆಪ್ಟೋಮೆಟ್ರಿಸ್ಟರು ತಪಾಸಣೆಗಾಗಿ ಹನಿ ಬಳಸಲು ಮೊದಲ ಬಾರಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ, ರೋಡ್ ಐಲೆಂಡ್ ರಾಜ್ಯದಲ್ಲಿ. ಭಾರತದಲ್ಲಿ ನಾಲ್ಕು ವರ್ಷದ ಆಪ್ಟೋಮೆಟ್ರಿ ಪದವಿ 1985ರಲ್ಲಿ ಚೆನ್ನೈಯ ಎಲೀಟ್ ಶಾಲೆಯಲ್ಲಿ ಮೊದಲಾದರೂ, ಈ ವೃತ್ತಿಗೆ ರಾಷ್ಟ್ರಮಟ್ಟದ ಶಾಸನದ ಚೌಕಟ್ಟು ದೊರೆತದ್ದು 2021ರ ಸಹಯೋಗಿ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯಿಂದ. ಆಸ್ಪತ್ರೆಗಳಲ್ಲಿ ನೇತ್ರವೈದ್ಯರ ಮೇಲ್ವಿಚಾರಣೆಯಲ್ಲಿ ಹನಿ ಹಾಕಿ ಅಕ್ಷಿಪಟಲ ನೋಡುವ ಪದವೀಧರರೂ, ಕೆಲವು ವಾರಗಳ ತರಬೇತಿಯಲ್ಲಿ ನಂಬರು ಅಳೆಯಲು ಕಲಿತು ಅಂಗಡಿ ತೆರೆದವರೂ ಸಾರ್ವಜನಿಕರ ಕಣ್ಣಿಗೆ ಒಂದೇ ಆಗಿ ಕಾಣುತ್ತಾರೆ. ಕೋನದ ಆಳವನ್ನು ಅಳೆಯಲು ಬಾರದವರು ಹನಿ ಹಾಕದಿರುವುದೇ ಮೇಲು.

ಹನಿ ಹಾಕಿಸಿಕೊಂಡವರ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೆರೆದ ಪಾಪೆಯೊಂದಿಗೆ ಹೊಸದುರ್ಗದ ಬಸ್ ನಿಲ್ದಾಣದ ಮಧ್ಯಾಹ್ನದ ಬಿಸಿಲಿಗೆ ಬಂದವರಿಗೆ ಕಣ್ಣು ಕೋರೈಸಿ ಬಸ್ಸಿನ ಬೋರ್ಡೂ ಓದಲಾಗುವುದಿಲ್ಲ, ಚಿಲ್ಲರೆ ಎಣಿಸಲಾಗುವುದಿಲ್ಲ. ಬೈಕಿನಲ್ಲಿ ಒಬ್ಬರೇ ಬಂದವರು ಹನಿ ಬೇಡವೆಂದು ಎದ್ದುಹೋಗುವುದು ಹಟದಿಂದಲ್ಲ. ಜೊತೆಗೆ ಒಬ್ಬರನ್ನು ಕರೆತನ್ನಿ, ಗಾಡಿ ಓಡಿಸಬೇಡಿ, ಟೋಪಿಯನ್ನೋ ಕೊಡೆಯನ್ನೋ ತನ್ನಿ ಎಂಬ ಮಾತನ್ನು ಆಶಾ ಕಾರ್ಯಕರ್ತೆಯರು ಶಿಬಿರದ ಹಿಂದಿನ ದಿನವೇ ಮನೆಗೆ ಮುಟ್ಟಿಸಿದರೆ ಈ ತೊಂದರೆಯ ಅರ್ಧ ಪಾಲು ನೀಗುತ್ತದೆ. ಲೇಸರ್ ಅಥವಾ ಕಣ್ಣಿನೊಳಗಿನ ಚುಚ್ಚುಮದ್ದು ಬೇಕಾದವರು ದಾವಣಗೆರೆ, ಶಿವಮೊಗ್ಗ, ಬೆಂಗಳೂರುಗಳತ್ತ ಹೋಗಬೇಕಾಗುವ ಈ ಭಾಗದಲ್ಲಿ, ಅಷ್ಟು ದೂರ ಹೊರಟವರ ಚೀಟಿಯಲ್ಲಿ ‘ರೆಟಿನಾ ತಜ್ಞರಿಗೆ ತೋರಿಸಿ’ ಎಂಬುದಷ್ಟೇ ಇದ್ದರೆ ಸಾಲದು. ಯಾವ ಕಣ್ಣು, ಹನಿ ಹಾಕಿ ನೋಡಿದ್ದೋ ಹಾಕದೆಯೋ, ಅಂಚಿನವರೆಗೆ ಕಂಡಿತೋ ಇಲ್ಲವೋ, ಪೊರೆಯಿಂದಾಗಿ ಕಾಣಲೇ ಇಲ್ಲವೋ ಎಂಬುದೂ ಅದರಲ್ಲಿರಬೇಕು. ಇಂಗ್ಲೆಂಡಿನ ಕಾರ್ಯಕ್ರಮದಲ್ಲಿ ಓದಲಾಗದ ಚಿತ್ರವನ್ನು ‘ರೋಗವಿಲ್ಲ’ ಎಂಬ ಪಟ್ಟಿಗೆ ಸೇರಿಸುವಂತಿಲ್ಲ. ಅದಕ್ಕೆ ಪ್ರತ್ಯೇಕ ವರ್ಗವಿದ್ದು, ಅಂಥವರನ್ನು ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ ಮತ್ತೆ ನೋಡಲಾಗುತ್ತದೆ. ತಾಲ್ಲೂಕು ಮಟ್ಟದ ಶಿಬಿರದ ಚೀಟಿಯಲ್ಲಿ ಅಂಥದೊಂದು ಸಾಲನ್ನು ಅಚ್ಚು ಹಾಕಿಸಲು ತಗಲುವ ಖರ್ಚು ಏನೂ ಇಲ್ಲ.